ಸಂತೋಷಕ್ಕೆ ಅಮಲು ಬೇಕೇ?

ಮಾಘ ಮುಗಿದು ಫಾಲ್ಗುಣ ಕಾಲಿಡುವ ಹೊತ್ತಿಗೆ ಅಥಣಿ ತಾಲ್ಲೂಕಿನ ತೋಟಗಳಲ್ಲಿ ದ್ರಾಕ್ಷಿ ಹಣ್ಣಾಗಿರುತ್ತದೆ. ಒಂದಿಷ್ಟು ಗೊನೆಗಳು ಹಾಗೆಯೇ ಪೇಟೆಗೆ ಹೋಗುತ್ತವೆ. ಉಳಿದವು ನೆರಳಿನ ಶೆಡ್ಡುಗಳಲ್ಲಿ ಬಲೆಯ ಮೇಲೆ ಒಣಗಿ, ಒಣದ್ರಾಕ್ಷಿಯಾಗಿ ವಿಜಯಪುರಕ್ಕೋ ತಾಸಗಾವಕ್ಕೋ ಸಾಗುತ್ತವೆ. ನಮ್ಮ ಈದ್‌ನ ಸುರ್ಕುಂಬಾಕ್ಕೆ ಬೀಳುವುದೂ ಅದೇ ಒಣದ್ರಾಕ್ಷಿ. ಆ ಹಣ್ಣನ್ನೇ ಹುಳಿಸಿದರೆ ಮದ್ಯ. ಖರ್ಜೂರ ಮತ್ತು ದ್ರಾಕ್ಷಿಯಿಂದ ಮನುಷ್ಯನು ಅಮಲನ್ನೂ ಉತ್ತಮ ಆಹಾರವನ್ನೂ ಪಡೆಯುತ್ತಾನೆಂಬುದನ್ನು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ನೆನಪಿಸುತ್ತದೆ. ಮದ್ಯವು ನಿಷಿದ್ಧವಾಗುವುದಕ್ಕೆ ಮೊದಲೇ ಅವತೀರ್ಣವಾದ ಆ ಸೂಕ್ತದಲ್ಲಿ ಅಮಲು ಬೇರೆ, ಉತ್ತಮ ಆಹಾರ ಬೇರೆ ಎಂಬ ಸೂಚನೆಯಿದೆಯೆಂದು ವ್ಯಾಖ್ಯಾನಕಾರರು ಹೇಳಿದ್ದಾರೆ. ಹಣ್ಣು ಅಲ್ಲಾಹನ ಕೊಡುಗೆ. ಅದನ್ನು ಏನು ಮಾಡುತ್ತೇವೆಂಬುದು ನಮ್ಮ ಪರೀಕ್ಷೆ.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕೂಲಿಯವರ ಸಂಸಾರ ಉಳಿಯಲೆಂದು ಎಷ್ಟೋ ತಾಯಂದಿರು ಅಂದು ಸಮಾಧಾನಪಟ್ಟರು. ದ್ರಾಕ್ಷಾರಸವನ್ನು ಪ್ರೋತ್ಸಾಹಿಸುವ ನೀತಿ ಬಂದದ್ದೂ ಅದೇ 2007ರಲ್ಲಿ. ದ್ರಾಕ್ಷಿ ಬೆಳೆಗಾರನಿಗೆ ಬೆಲೆ ಸಿಗಲೆಂಬ ಉದ್ದೇಶ ಅದರ ಹಿಂದಿತ್ತು, ನಿಜ. ಆದರೆ ಬಡವನ ಪ್ಯಾಕೆಟ್ಟಿನಲ್ಲಿದ್ದಾಗ ಪಿಡುಗು ಎನಿಸಿದ್ದು ಗಾಜಿನ ಲೋಟಕ್ಕೆ ಬಂದೊಡನೆ ಉತ್ಸವವಾಯಿತು! ಬೆಂಗಳೂರು, ಬೆಳಗಾವಿಯಂತಹ ನಗರಗಳಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದಿವೆ. ರಜೆ ಬಂದರೆ, ಹಬ್ಬ ಬಂದರೆ, ದೊಡ್ಡ ಹೋಟೆಲುಗಳಲ್ಲಿ ಬಿಯರು, ಸಂಗೀತ, ಕುಣಿತ ಒಟ್ಟಿಗೇ ಸಿಗುತ್ತವೆ.

ಪ್ರಿಯ ಓದುಗರೇ, ಇದು ನಗರದವರ ವಿಷಯ, ಚಿಕ್ಕೋಡಿ, ರಾಯಬಾಗ, ಕಾಗವಾಡದ ನಮಗೇಕೆ ಎಂದುಕೊಳ್ಳಬೇಡಿ. ನಮ್ಮ ಮಕ್ಕಳು ಪುಣೆಯಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ. ನಿಪ್ಪಾಣಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಿದ್ದಾಗ ಕೇಳಿದ: “ಸರ್, ಹೋಳಿ ರಜಾಕ್ಕ ಕಂಪನಿ ಹುಡುಗರು ಎಲ್ಲಾರೂ ಸೇರತಾರ್ರಿ. ನಾ ಏನೂ ಕುಡಿಯಂಗಿಲ್ಲ. ಸುಮ್ನ ಅವರ ಜೋಡಿ ಕುಂದ್ರತೀನಿ. ಅದೂ ತಪ್ಪೇನ್ರಿ?”

ತಪ್ಪು ಎಂದೆ. ಬಿಯರು ಹಗುರ ಪಾನೀಯ, ಅದಕ್ಕೆ ಮದ್ಯದ ಹೆಸರೇಕೆ ಎಂಬ ಮಾತೂ ಬಂತು. ಅದಕ್ಕೂ ಉತ್ತರವಿತ್ತು. ಯಮನ್‌ಗೆ ಹೊರಟ ಹ. ಅಬೂ ಮೂಸಾ ಅಶ್ಅರಿ(ರ)ಯವರು ಅಲ್ಲಿಯ ಜೇನಿನ ಪಾನೀಯ ಮತ್ತು ಬಾರ್ಲಿಯ ಪಾನೀಯದ ಬಗ್ಗೆ ವಿಚಾರಿಸಿದಾಗ, ಅಮಲು ತರುವುದೆಲ್ಲವೂ ನಿಷಿದ್ಧವೆಂದು ಪ್ರವಾದಿ(ಸ)ಯವರು ತೀರ್ಪು ಕೊಟ್ಟಿದ್ದರು. ಬಿಯರು ತಯಾರಾಗುವುದು ಹೆಚ್ಚಾಗಿ ಬಾರ್ಲಿಯಿಂದಲೇ. ಹೆಚ್ಚು ಕುಡಿದರೆ ಅಮಲೇರಿಸುವ ವಸ್ತುವಿನ ಅಲ್ಪಾಂಶವೂ ಸಲ್ಲದೆಂಬುದು ಇನ್ನೊಂದು ಹದೀಸ್. ಮದ್ಯ ಹಂಚುವ ಪಂಕ್ತಿಯಲ್ಲಿ ಕೂರುವುದನ್ನೂ ಪ್ರವಾದಿ(ಸ) ತಡೆದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ, ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ಹೇಳಿತು. ಇಷ್ಟನ್ನೂ ಹುಡುಗನಿಗೆ ವಿವರಿಸಿದೆ.

ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ ಮೆಲ್ಲನೆ ಅಂದ: “ಖರೇ ಐತ್ರಿ ಸರ್. ಆದ್ರ ನಮ್ಮ ಮನ್ಯಾಗ ಖುಷಿ ಅನ್ನೋದ ಎಲ್ಲೈತ್ರಿ?”

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಚಿಕ್ಕವನಿದ್ದಾಗ ಈದ್‌ನ ಮಧ್ಯಾಹ್ನ ಜೋಕಾಲಿ ಜೀಕುತ್ತಾ, ಏನೋ ಹಾಡುತ್ತಾ ಇದ್ದುದನ್ನು ಕಂಡು ಗದರಿಸಿದ್ದು ನೆನಪಾಯಿತು. ಗದರಿಸಿದವನು ನಾನೇ. ಅಂದು ಅವನು ಮಾಡಿದ ಅಪರಾಧವೇನು? ಇಂದಿಗೂ ನನಗೆ ಹೊಳೆದಿಲ್ಲ.

ಪ್ರವಾದಿ(ಸ)ಯವರ ಮನೆಯನ್ನು ನೋಡಿ. ಈದ್‌ನ ದಿನ ಇಬ್ಬರು ಬಾಲಕಿಯರು ಅಲ್ಲಿ ಹಾಡುತ್ತಿದ್ದರು. ಹ. ಅಬೂಬಕ್ಕರ್(ರ) ಆಕ್ಷೇಪಿಸಿದಾಗ, ಪ್ರತಿಯೊಂದು ಜನಾಂಗಕ್ಕೂ ಹಬ್ಬವಿದೆ, ಇದು ನಮ್ಮ ಹಬ್ಬ, ಬಿಟ್ಟುಬಿಡಿ ಎಂಬರ್ಥದಲ್ಲಿ ಪ್ರವಾದಿ(ಸ) ಅವರನ್ನು ತಡೆದರು. ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳ ಆಟವಾಡಿದಾಗ ಹ. ಆಯಿಶಾ(ರ)ರಿಗೆ ಸ್ವತಃ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವವರೆಗೂ ತೋರಿಸಿದರು. ಮದೀನಾಕ್ಕೆ ಬಂದಾಗ ಅಲ್ಲಿಯವರು ಎರಡು ದಿನ ಆಟ ವಿನೋದಗಳಲ್ಲಿ ಕಳೆಯುತ್ತಿದ್ದರು. ಅವುಗಳ ಬದಲಿಗೆ ಅಲ್ಲಾಹನು ಅವರಿಗೆ ಇನ್ನೂ ಉತ್ತಮವಾದ ಎರಡು ಈದ್‌ಗಳನ್ನು ಕೊಟ್ಟನು. ಇದನ್ನು ಗಮನಿಸಿ: ಹಬ್ಬವನ್ನು ಕಿತ್ತುಕೊಂಡು ಕೈ ಬರಿದು ಮಾಡಲಿಲ್ಲ. ನಾವು ‘ಬೇಡ’ ಎನ್ನುವುದನ್ನು ಮಾತ್ರ ಕಲಿತೆವು. ಬದಲಿಗೆ ಕೊಡುವುದನ್ನು ಮರೆತೆವು.

ಹಾಗಾದರೆ ಅಮಲಿಲ್ಲದ ಸಂತೋಷ ಹೇಗಿರುತ್ತದೆ? ಅದಕ್ಕೆ ಬುದ್ಧಿಯನ್ನು ಹೊರಗಿಟ್ಟು ಬರಬೇಕಾಗಿಲ್ಲ. ಅದನ್ನು ಮನೆಯವರಿಂದ ಬಚ್ಚಿಡಬೇಕಾಗಿಲ್ಲ. ಅದು ಬಡವನನ್ನು ಬಾಗಿಲಾಚೆ ನಿಲ್ಲಿಸುವುದಿಲ್ಲ. ಈದ್ ನಮಾಝಿಗೆ ಮೊದಲೇ ಫಿತ್ರ್ ಝಕಾತ್ ತಲುಪಬೇಕೆಂಬ ನಿಯಮ ಏಕಿದೆ? ಆ ದಿನ ಯಾವ ಮನೆಯ ಒಲೆಯೂ ತಣ್ಣಗಿರಬಾರದೆಂದು. ಮದ್ಯದ ಪಂಕ್ತಿಯಲ್ಲಾದರೋ ಒಬ್ಬನ ನಗುವಿಗೆ ಅವನ ಹೆಂಡತಿ ಮಕ್ಕಳು ರಾತ್ರಿಯೆಲ್ಲ ಎಚ್ಚರವಿದ್ದು ಬೆಲೆ ತೆರುತ್ತಾರೆ. ಮದ್ಯ ಜೂಜುಗಳಿಂದ ಮನುಷ್ಯರ ನಡುವೆ ಹಗೆ ಹುಟ್ಟುತ್ತದೆಂಬ ಕುರ್‌ಆನಿನ ಎಚ್ಚರಿಕೆಯನ್ನು ಅಂಥ ಮನೆಗಳಲ್ಲಿ ಕಣ್ಣಾರೆ ಕಾಣಬಹುದು.

ಕುಡಿಯದಿರುವುದು ನಮ್ಮದೊಂದು ವಿಚಿತ್ರ ಹಟವೆಂದು ನಾಚಬೇಕಾಗಿಯೂ ಇಲ್ಲ. ಕೊರಳಲ್ಲಿ ತುಳಸಿಮಾಲೆ ಹಾಕಿ, ಪಂಢರಪುರಕ್ಕೆ ನಡೆದು ಹೋಗುವ ನಮ್ಮ ನೆರೆಯ ವಾರಕರಿಗಳು ಮದ್ಯವನ್ನು ಮುಟ್ಟುವುದಿಲ್ಲ. ಹಾಗೆಂದು ದಾರಿಯುದ್ದಕ್ಕೂ ಹಾಡುವ ಅವರಿಗೆ ಸಂತೋಷ ಕಡಿಮೆಯೇ? ದೂರದ ಐರ್ಲೆಂಡಿನಲ್ಲಿ ಮಾರ್ಚ್ 17 ಸಂತ ಪ್ಯಾಟ್ರಿಕ್‌ನ ದಿನ. 1927ರ ಕಾನೂನಿನಂತೆ ಆ ದಿನ ಅಲ್ಲಿ ಮದ್ಯದಂಗಡಿಗಳು ಮುಚ್ಚಿರುತ್ತಿದ್ದವು. 1960ರಲ್ಲಿ ಕಾನೂನು ಸಡಿಲವಾಯಿತು. ಈಗ ಆ ಸಂತನ ದಿನವನ್ನು ಜಗತ್ತಿನ ಎಷ್ಟೋ ನಗರಗಳು ಬಿಯರಿನ ದಿನವೆಂದೇ ಬಲ್ಲವು. ಕಾಯದೆ ಬಿಟ್ಟರೆ ಯಾವ ಹಬ್ಬವೂ ಹೀಗೆ ಜಾರಬಹುದು. ಈದ್‌ನ ಸಂಜೆ ಬೈಕುಗಳ ಅಬ್ಬರ, ಮದುವೆಯಲ್ಲಿ ಡಿಜೆ, ಉರೂಸ್‌ನ ಹಿಂದಿನ ಕತ್ತಲಲ್ಲಿ ಬಾಟಲಿಗಳು... ನಮ್ಮ ಹಬ್ಬಗಳನ್ನು ನಾವು ಎತ್ತ ಒಯ್ಯುತ್ತಿದ್ದೇವೆ? ಯೋಚಿಸಿ.

ಆ ಹುಡುಗನಿಗೆ ಮರುದಿನ ಹೀಗೆ ಹೇಳಿದೆ: ಆ ಪಂಕ್ತಿಗೆ ಹೋಗಬೇಡ, ಆದರೆ ಆ ಗೆಳೆಯರನ್ನು ಬಿಡಬೇಡ. ಅವರನ್ನು ಕೀಳಾಗಿ ಕಾಣುವ ಹಕ್ಕು ನಿನಗಿಲ್ಲ. ಈದ್‌ಗೆ ಅವರನ್ನು ಊರಿಗೆ ಕರೆದು ತಾ, ನಿನ್ನ ತಾಯಿಯ ಕೈಯ ಸುರ್ಕುಂಬಾ ಉಣಿಸು. ಅವನು ನಕ್ಕು, “ಅಬ್ಬಾಗ ನೀವ ಹೇಳ್ರಿ ಸರ್” ಎಂದ. ಹೇಳಲು ಹೋದೆ. ತಂದೆ ಬಹಳ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ನಗುತ್ತಾ ಕೂತು ಮಾತನಾಡಿ ವರ್ಷಗಳಾದವೆಂದು ತಾವೇ ಒಪ್ಪಿಕೊಂಡರು.

ತಾಯ್ತಂದೆಯರೇ, ನಿಮ್ಮ ಮಗ ನಗರದ ಮೇಜಿನ ಮುಂದೆ ಹುಡುಕುತ್ತಿರುವುದು ಮದ್ಯವನ್ನಲ್ಲದಿರಬಹುದು, ತನ್ನೊಡನೆ ನಗುವವರನ್ನಿರಬಹುದು. ಅವರು ಮನೆಯಲ್ಲಿಯೇ ಅವನಿಗೆ ಸಿಗಲಿ. ನಮ್ಮ ಮನೆಗಳನ್ನು ಧರ್ಮಸಮ್ಮತವಾದ ಸಂತೋಷದಿಂದ ತುಂಬಲು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.