ಮೂತಿಹುಳು ಮತ್ತು ಪ್ರಕೃತಿಯ ಉದ್ದೇಶ

ಎಣ್ಣೆತಾಳೆ ಪಶ್ಚಿಮ ಆಫ್ರಿಕದ ಮರ. ಗಂಡು ಮತ್ತು ಹೆಣ್ಣು ಹೊಂಬಾಳೆಗಳು ಒಂದೇ ಮರದಲ್ಲಿ ಬೇರೆ ಬೇರೆ ಕಾಲಕ್ಕೆ ಬಿಡುವುದರಿಂದ ಪರಾಗ ಸಾಮಾನ್ಯವಾಗಿ ಬೇರೊಂದು ಮರದಿಂದ ಬರಬೇಕು. ಅದನ್ನು ಹೊತ್ತು ತರುವುದು ಅಕ್ಕಿಕಾಳಿಗಿಂತ ಚಿಕ್ಕದಾದ ಮೂತಿಹುಳು, ಎಲೆಡೋಬಿಯಸ್ ಕ್ಯಾಮರೂನಿಕಸ್. ಗಂಡು ಹೂವು ಅದರ ಊಟ. ಬಾಡುವ ಗಂಡು ಹೂವೇ ಮೊಟ್ಟೆಯಿಡುವ ಜಾಗ, ಮರಿಗಳ ಆಹಾರ. ಗಂಡು ಹೂವಿಗೆ ಸೋಂಪಿನಂಥ ವಾಸನೆಯಿದೆ. ಹೆಣ್ಣು ಹೂವೂ ಅದೇ ವಾಸನೆ ಬೀರುತ್ತದೆ. ನಂಬಿ ಬಂದ ಹುಳುವಿಗೆ ಅಲ್ಲಿ ಊಟವೂ ಇಲ್ಲ, ಮೊಟ್ಟೆಯಿಡಲು ಎಡೆಯೂ ಇಲ್ಲ. ಮೈಗಂಟಿದ ಪರಾಗವನ್ನು ಉದುರಿಸಿ ಅದು ಬರಿಗೈಲಿ ಮರಳುತ್ತದೆ.

ಮಲೇಷ್ಯಾದ ತೋಟಗಳಿಗೆ ಮರ ಬಂತು, ಹುಳು ಬರಲಿಲ್ಲ. ಗಾಳಿಯೇ ಸಾಕೆಂದು ನಂಬಿದ್ದವರು ಕೊನೆಗೆ ಕೂಲಿಯಾಳುಗಳಿಂದ ಪರಾಗ ಹಾಕಿಸಬೇಕಾಯಿತು. ಕೀಟವಿಜ್ಞಾನಿ ರಹಮಾನ್ ಸೈಯದ್ ಅವರ ಅಧ್ಯಯನದ ಫಲವಾಗಿ 1981ರಲ್ಲಿ ಕ್ಯಾಮರೂನಿನ ಹುಳುವನ್ನು ಅಲ್ಲಿ ಬಿಟ್ಟ ಮೇಲೆ ಆ ಕೂಲಿಯ ಅಗತ್ಯ ತಪ್ಪಿತು. 1985ರಲ್ಲಿ ಅದು ಕೇರಳಕ್ಕೂ ಬಂತು.

ಇಷ್ಟು ಹೊಂದಿಕೆಯ ಹಿಂದೆ ಯಾರ ಉದ್ದೇಶವಿದೆ? ಇಂಥ ಹೊಂದಿಕೆಗಳಲ್ಲಿ ದಯಾಳುವಾದ ರಚನಕಾರನ ಕೈ ಕಾಣುತ್ತದೆಂದು ಇಂಗ್ಲಿಷ್ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ವಾದಿಸಿದ. ಹೆಣ್ಣು ಹೂವಿನ ವಂಚನೆ ಆ ದಯೆಗೆ ಸುಲಭವಾಗಿ ಒಗ್ಗುವುದಿಲ್ಲ. 1859ರಲ್ಲಿ ಡಾರ್ವಿನ್ ಮುಂದಿಟ್ಟ ವಿವರಣೆಗೆ ಈ ತೊಡಕಿಲ್ಲ: ಹುಳುವನ್ನು ಸೆಳೆದ ಮರಗಳ ಬೀಜ ಹೆಚ್ಚು ಉಳಿಯಿತು, ಅಷ್ಟೆ.

ಭಾರತೀಯ ದರ್ಶನಗಳಲ್ಲಿ ಇದೇ ಪ್ರಶ್ನೆ ಬಹು ಹಿಂದೆಯೇ ಎದ್ದಿತ್ತು. ಅರಿವಿಲ್ಲದ ಹಾಲು ಕರುವಿನ ಪೋಷಣೆಗೆ ಸುರಿಯುವಂತೆ, ಅಚೇತನವಾದ ಪ್ರಕೃತಿ ಪುರುಷನ, ಅಂದರೆ ಚೇತನವಾದ ಆತ್ಮದ, ಮೋಕ್ಷಕ್ಕಾಗಿ ತೊಡಗುತ್ತದೆಂದು ಈಶ್ವರಕೃಷ್ಣನ ಸಾಂಖ್ಯಕಾರಿಕೆ ಹೇಳುತ್ತದೆ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಇದನ್ನು ಒಪ್ಪುವುದಿಲ್ಲ: ಹಾಲು ಸುರಿಯುವುದು ಚೇತನಳಾದ ಹಸುವಿನ ವಾತ್ಸಲ್ಯದಿಂದ. ಉತ್ತರ ಚುರುಕಾಗಿದೆ. ಆದರೆ ತಾಳೆಮರದ ಬಳಿ ಅದು ನಿಲ್ಲುವುದು ಕಷ್ಟ. ಇಲ್ಲಿಯೂ ಚೇತನ ಜೀವಿಯೊಂದಿದೆ. ಅದಕ್ಕೆ ಬೇಕಾದದ್ದು ಮಾತ್ರ ತನ್ನ ಊಟ, ತನ್ನ ಸಂತಾನ. ಕಾಯಿ ಕಚ್ಚಿಸುವ ಬಯಕೆ ಅದಕ್ಕಿಲ್ಲ, ಮರಕ್ಕೆ ಬಯಕೆಯೇ ಇಲ್ಲ. ಹಾಗೆಂದು ಸಾಂಖ್ಯವೂ ಪೂರ್ತಿ ಗೆಲ್ಲುವುದಿಲ್ಲ. ಪುರುಷನಿಗಾಗಿ ಎಂಬ ಅದರ ಮಾತಿಗೆ ಇಲ್ಲಿ ಆಧಾರ ಸಿಗದು.

ಎಲ್ಲದರೊಳಗೂ ನಿಂತು ನಡೆಸುವ ಅಂತರ್ಯಾಮಿಯೊಬ್ಬನಿದ್ದಾನೆಂದು ವೇದಾಂತಿ ಹೇಳಬಹುದು. ಹುಳುವಿನ ಅಜ್ಞಾನ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ನಂಬಿಕೆಗೆ ಪ್ರಮಾಣ ಶ್ರುತಿ, ಅಂದರೆ ವೇದ. ತಾಳೆಯ ಹೂವನ್ನು ಅದಕ್ಕೆ ಸಾಕ್ಷಿಯಾಗಿ ಕರೆಯಲಾಗದು.