ಆ್ಯಪ್‌ಗೆ ಕಾಣದ ‘ನೀವು’

ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಟಿಬೆಟನ್ನರು ನೆಲೆಸಿ ಅರ್ಧ ಶತಮಾನ ಕಳೆದಿದೆ. ಅವರಲ್ಲಿ ಅನೇಕರು ವ್ಯಾಪಾರಕ್ಕೆ, ಬೇಸಾಯಕ್ಕೆ ಬೇಕಾದಷ್ಟು ಕನ್ನಡ ಕಲಿತರು. ಸುತ್ತಲಿನ ಕನ್ನಡಿಗರು ಟಿಬೆಟನ್ ಕಲಿತದ್ದು ತೀರಾ ಕಡಿಮೆ.

ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ, ಟಿಬೆಟನ್ ಸೇರಿದ್ದು 2024ರಲ್ಲಿ. ಈಗ ಒಂದಕ್ಷರ ಕಲಿಯದೆಯೂ ಎರಡು ಸಾಲು ಟೈಪ್ ಮಾಡಿ ತೋರಿಸಬಹುದು. ಹಾಗಾದರೆ ನೆರೆಯವರ ಭಾಷೆ ಕಲಿಯುವ ಹೊಣೆ ನಮ್ಮ ಮೇಲೆ ಇನ್ನೂ ಇದೆಯೇ?

ಇಲ್ಲ ಎನ್ನುವವರ ವಾದ ಹಗುರವಾದದ್ದಲ್ಲ. ಆಸ್ಪತ್ರೆಯಲ್ಲಿ ನೋವು ಎಲ್ಲಿದೆಯೆಂದು ಹೇಳಬೇಕಾದ ಅಜ್ಜಿಯ ಮುಂದೆ ಭಾಷಾ ಕಲಿಕೆಯ ಹಿರಿಮೆ ಹೇಳುವುದು ಕ್ರೌರ್ಯ. ಅಲ್ಲಿ ಆ್ಯಪ್ ದೊಡ್ಡ ಉಪಕಾರಿ.

ಆದರೆ ನಮ್ಮಲ್ಲಿ ‘ನೀನು’, ‘ನೀವು’ ಇರುವಂತೆ ಟಿಬೆಟನ್‌ನಲ್ಲೂ ಗೌರವದ ನುಡಿ ಬೇರೆಯೇ ಇದೆ. ಅದಕ್ಕೆ ‘ಶೇಸ’ ಎನ್ನುತ್ತಾರೆ. ಹಿರಿಯರ ತಲೆಗೆ, ಕೈಗೆ ಕೂಡ ಬೇರೆ ಪದ. ಯಾರಿಗೆ ಯಾವ ಪದ ಎಂಬುದು ಟೈಪ್ ಮಾಡಿದ ವಾಕ್ಯದಲ್ಲಿರುವುದಿಲ್ಲ. ಎದುರು ನಿಂತವರನ್ನು ನೋಡಿ ತಿಳಿಯಬೇಕು. ಅರ್ಥ ದಾಟಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಮರ್ಯಾದೆ ಕೊಡುವ ಕೆಲಸವನ್ನು ಒಪ್ಪಿಸಲಾಗದು.

ಅವರು ಕಲಿತದ್ದು ಹೊಟ್ಟೆಪಾಡಿಗಲ್ಲವೇ, ಅದರಲ್ಲಿ ನಮ್ಮ ಋಣವೇನು ಎಂದು ಕೇಳಬಹುದು. ನಿಜ, ಅವರಿಗೆ ಬೇರೆ ದಾರಿಯಿರಲಿಲ್ಲ. ನಮಗಿತ್ತು, ಆ್ಯಪ್ ಬಂದ ಮೇಲಂತೂ ಕಲಿಯಲೇಬೇಕೆಂಬ ಒತ್ತಾಯ ಯಾರಿಗೂ ಇಲ್ಲ. ಒತ್ತಾಯವಿಲ್ಲದೆ ಕಲಿತ ನಾಲ್ಕು ಮಾತಿಗೇ ಹೆಚ್ಚು ಬೆಲೆ. ಔಷಧಿಯ ಚೀಟಿ, ಅರ್ಜಿಯ ಒಕ್ಕಣೆಗೆ ಫೋನ್ ಇರಲಿ. ‘ತಾಶಿ ದೆಲೆ’ಯನ್ನಾದರೂ ನಮ್ಮ ಬಾಯಿಂದಲೇ ಹೇಳೋಣ.