ದೇಶ ಬಿಟ್ಟವರ ಬಳಿ ಉಳಿಯುವುದೇನು?

ಸೌದಿ ಪತ್ರಕರ್ತ ಜಮಾಲ್ ಖಶೋಗಿ ಎಂದೊಡನೆ ನಮ್ಮ ನೆನಪು ಅವರ ಸಾವಿನತ್ತ ಓಡುತ್ತದೆ. 2018ರ ಅಕ್ಟೋಬರ್ 2ರಂದು ಇಸ್ತಾಂಬುಲ್‌ನ ಸೌದಿ ಕಾನ್ಸುಲೇಟಿನೊಳಗೆ ಹೋದವರು ಹೊರಗೆ ಬರಲಿಲ್ಲ, ದೇಹವೂ ಸಿಗಲಿಲ್ಲ. ಆ ಕ್ರೌರ್ಯ ಅವರ ಬದುಕನ್ನೇ ಮರೆಮಾಡಿಬಿಟ್ಟಿದೆ. ಆದರೆ ಕೊಂದವರ ಕೃತ್ಯದಿಂದಲೇ ಒಬ್ಬ ಮನುಷ್ಯನನ್ನು ಗುರುತಿಸುತ್ತ ಹೋದರೆ, ಅವನ ಕಥೆಯನ್ನು ಹೇಳುವ ಹಕ್ಕನ್ನೂ ಕೊಂದವರಿಗೇ ಒಪ್ಪಿಸಿದಂತಾಗದೇ? ಅದಕ್ಕಿಂತ ಹಿಂದಿನ ಒಂದೂಕಾಲು ವರ್ಷದ ದೇಶಭ್ರಷ್ಟ ಬದುಕು ನಮ್ಮನ್ನು ಕೇಳುವ ಪ್ರಶ್ನೆಗಳು ಹೆಚ್ಚು ಆಳವಾದವು.

ಖಶೋಗಿ ಹುಟ್ಟು ಬಂಡಾಯಗಾರರಲ್ಲ. ಮದೀನಾದಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಸೌದಿ ಪತ್ರಿಕೆಗಳಲ್ಲೇ ಬೆಳೆದವರು. ರಾಜಕುಮಾರ ತುರ್ಕಿ ಅಲ್-ಫೈಸಲ್ ರಾಯಭಾರಿಯಾಗಿದ್ದಾಗ ಅವರ ಸಲಹೆಗಾರರಾಗಿದ್ದವರು. 'ಅಲ್-ವತನ್' ಪತ್ರಿಕೆಯ ಸಂಪಾದಕರ ಕುರ್ಚಿಯನ್ನು ಎರಡು ಬಾರಿ ಬಿಡಬೇಕಾಗಿ ಬಂದರೂ ಅವರು ವ್ಯವಸ್ಥೆಯ ಅಂಗಳ ಬಿಟ್ಟಿರಲಿಲ್ಲ. 2016ರ ಕೊನೆಯಲ್ಲಿ ಬರೆಯಬಾರದು, ಮಾತಾಡಬಾರದು ಎಂಬ ಕಟ್ಟಪ್ಪಣೆ ಬಂತು. ಮರುವರ್ಷ ಅಮೆರಿಕಕ್ಕೆ ಹೊರಟಾಗ ವಯಸ್ಸು 58. ಬಾಯಿ ಮುಚ್ಚಿಕೊಂಡಿದ್ದರೆ ಮನೆ, ಮಾನ, ಮಕ್ಕಳು ಎಲ್ಲವೂ ಹತ್ತಿರವೇ ಇರುತ್ತಿದ್ದವು. ಆ ವಯಸ್ಸಿನಲ್ಲಿ ಬೇರು ಕೀಳುವುದೆಂದರೇನು?

'ವಾಷಿಂಗ್ಟನ್ ಪೋಸ್ಟ್'ಗೆ ಬರೆದ ಮೊದಲ ಅಂಕಣದಲ್ಲಿ ಅವರು ಒಂದು ಮಾತನ್ನು ಮುಚ್ಚಿಡದೆ ಹೇಳಿಕೊಂಡಿದ್ದಾರೆ: ಕೆಲವು ವರ್ಷಗಳ ಹಿಂದೆ ಗೆಳೆಯರನ್ನು ಬಂಧಿಸಿದಾಗ ತಾನು ಸುಮ್ಮನಿದ್ದೆ, ಕೆಲಸ, ಸ್ವಾತಂತ್ರ್ಯ ಎರಡನ್ನೂ ಕಳೆದುಕೊಳ್ಳುವ ಭಯವಿತ್ತು. ಈ ಬಾರಿ ಹಾಗಿರಲಾರೆ ಎಂದರು. ನನಗೆ ಅವರ ಬದುಕಿನ ಕೀಲಿ ಇಲ್ಲಿದೆ ಎನಿಸುತ್ತದೆ. ಅವರು ದೇಶ ಬಿಟ್ಟದ್ದು ಅರಸರ ಭಯದಿಂದ ಮಾತ್ರವಲ್ಲ, ತಮ್ಮದೇ ಹಳೆಯ ಮೌನದಿಂದಲೂ. ನಮ್ಮಲ್ಲಿ ಯಾರಿಗೆ ಅಂಥ ಮೌನದ ಪರಿಚಯವಿಲ್ಲ? ಪಕ್ಕದವನಿಗೆ ಅನ್ಯಾಯವಾದಾಗ 'ನಮಗ್ಯಾಕೆ' ಎಂದುಕೊಂಡ ಗಳಿಗೆಗಳನ್ನು ನಾವು ಎಷ್ಟು ಜಾಣತನದಿಂದ ಮರೆತಿದ್ದೇವೆ!

ದೂರದ ದೇಶದಲ್ಲಿ ಸುರಕ್ಷಿತವಾಗಿ ಕೂತು ಬರೆಯುವುದು ಯಾವ ಧೈರ್ಯ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಹೊರಗೆ ಆಡಿದ ಮಾತಿನ ಸುಂಕ ಒಳಗಿದ್ದವರ ಮೇಲೆ ಬೀಳುತ್ತದೆ. ಖಶೋಗಿಯವರ ಹಿರಿಯ ಮಗನಿಗೆ ದೇಶ ಬಿಡದಂತೆ ತಡೆ ಬಿತ್ತು, ಅವರದೇ ದಾಂಪತ್ಯ ಮುರಿಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳವರು ಸೌದಿಯ ಜಿದ್ದಾ, ದಮ್ಮಾಮ್‌ಗಳಲ್ಲಿ ದುಡಿಯುತ್ತಾರೆ. ಅವರೂ ಮನೆಯಿಂದ ದೂರವೇ, ಅವರ ಅಗಲಿಕೆಯೂ ಸಣ್ಣದಲ್ಲ. ಆದರೆ ಅವರಿಗೆ ರಜೆಯೆಂಬುದಿದೆ, ಊರಿಗೆ ಮರಳುವ ಟಿಕೆಟ್ಟಿದೆ. ದೇಶಭ್ರಷ್ಟರಿಗೆ ಊರಿನ ದಾರಿ ಗೊತ್ತಿದ್ದೂ ನಡೆಯುವಂತಿಲ್ಲ.

ಇನ್ನೂ ಕಠೋರವಾದದ್ದೊಂದಿದೆ. ನಾವು ದೇಶವನ್ನು ಬಿಟ್ಟರೂ ದೇಶದ ಮೊಹರು ನಮ್ಮನ್ನು ಬಿಡುವುದಿಲ್ಲ. ಹತೀಜೆ ಜೆಂಗಿಜ್ ಅವರನ್ನು ಮದುವೆಯಾಗಲು ತುರ್ಕಿಯ ಕಾನೂನಿನಂತೆ ಖಶೋಗಿಯವರಿಗೆ ಒಂದು ಕಾಗದ ಬೇಕಿತ್ತು, ವಿಚ್ಛೇದನವಾಗಿದೆ ಎನ್ನಲು. ಅದನ್ನು ಕೊಡಬೇಕಾದದ್ದು ಯಾವ ರಾಜ್ಯವನ್ನು ಟೀಕಿಸುತ್ತಿದ್ದರೋ ಅದೇ ರಾಜ್ಯ. ಸೆಪ್ಟೆಂಬರ್ 28ರಂದು ಇಸ್ತಾಂಬುಲ್‌ನ ಆ ಕಾನ್ಸುಲೇಟಿಗೆ ಹೋದಾಗ ಮತ್ತೆ ಬರಲು ಹೇಳಿದರು. ಎರಡನೆಯ ಸಲ ಹೋದಾಗ ಹತೀಜೆ ಹೊರಗೆ ಗಂಟೆಗಟ್ಟಲೆ ಕಾದರು. ಹೊಸ ಬದುಕು ಕಟ್ಟಿಕೊಳ್ಳುವ ಸಾಮಾನ್ಯ ಆಸೆಯೇ ಅವರನ್ನು ಆ ಬಾಗಿಲಿಗೆ ಕರೆದೊಯ್ದಿತು. ರಾಜ್ಯಕ್ಕೂ ಮನುಷ್ಯನಿಗೂ ಇರುವ ನಂಟು ಎಷ್ಟು ಅಸಮ ಎಂಬುದು ಬೇರೆಲ್ಲಿ ಇಷ್ಟು ಸ್ಪಷ್ಟವಾಗಿ ಕಂಡೀತು? ರಾಜ್ಯಕ್ಕೆ ಅದೊಂದು ಕಡತ, ಅವರಿಗೆ ಉಳಿದ ಆಯುಷ್ಯ. ಅರವತ್ತು ತುಂಬಲು ಅಂದಿಗೆ ಹನ್ನೊಂದು ದಿನ ಬಾಕಿಯಿತ್ತು.

ಇಷ್ಟೆಲ್ಲದರ ನಡುವೆಯೂ ಅವರ ಬರಹದಲ್ಲಿ ತಾಯ್ನೆಲದ ಮೇಲೆ ಕಹಿಯಿಲ್ಲ. ಸಿಂಹಾಸನ ಉರುಳಲಿ ಎಂದು ಬರೆಯಲಿಲ್ಲ. ಸುಧಾರಣೆ ಮಾಡುವುದಾದರೆ ಅದನ್ನು ಕೇಳಿದವರನ್ನೇ ಸೆರೆಗೆ ತಳ್ಳುವುದೇಕೆ ಎಂದು ಕೇಳಿದರು. ಸಿಟ್ಟು ಸುಲಭ. ಪ್ರೀತಿಸುವ ನೆಲವನ್ನು ಪ್ರೀತಿ ಕಳೆದುಕೊಳ್ಳದೆ ಪ್ರಶ್ನಿಸುವುದಕ್ಕೆ ಬೇರೆಯೇ ಕಸುವು ಬೇಕು. ವಾಷಿಂಗ್ಟನ್ನಿನ ಪಂಡಿತರು ಮೆಚ್ಚಿದರೆ ಅವರಿಗೆ ಸಾಕಾಗುತ್ತಿರಲಿಲ್ಲ. ಅಂಕಣಗಳು ಅರಬ್ಬಿಗೂ ಅನುವಾದವಾಗುತ್ತಿದ್ದುದಕ್ಕೆ ಕೃತಜ್ಞತೆ ಸೂಚಿಸಿದ್ದರು, ಏಕೆಂದರೆ ಅವರ ನಿಜವಾದ ಓದುಗರು ಬಿಟ್ಟುಬಂದ ನೆಲದಲ್ಲೇ ಇದ್ದರು.

ಕಣ್ಮರೆಯಾದ ಮೇಲೆ, ಅಕ್ಟೋಬರ್ 17ರಂದು ಅವರ ಕೊನೆಯ ಅಂಕಣ ಪ್ರಕಟವಾಯಿತು. ಅರಬ್ ಜಗತ್ತಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದು ಮುಕ್ತ ಮಾತು ಎಂಬುದೇ ಅದರ ತಿರುಳು. ತಮ್ಮ ಕಷ್ಟದ ಬಗ್ಗೆ ಅದರಲ್ಲಿ ಹೇಳಿಕೊಂಡಿಲ್ಲ. ಬದಲಿಗೆ, ಐದು ವರ್ಷದ ಸೆರೆವಾಸ ಅನುಭವಿಸುತ್ತಿದ್ದ ಸೌದಿ ಲೇಖಕ ಸಾಲಿಹ್ ಅಲ್-ಶೆಹಿ ಅವರನ್ನು ಆತ್ಮೀಯ ಗೆಳೆಯ ಎಂದು ಹೆಸರಿಟ್ಟು ನೆನೆದರು. ಅಲ್-ಶೆಹಿ 2020ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಜುಲೈನಲ್ಲಿ ತೀರಿಕೊಂಡರು. ಸೌದಿಯ ಆಚೆಗಿನ ನಮ್ಮಂಥವರಲ್ಲಿ ಅನೇಕರು ಆ ಹೆಸರನ್ನು ಮೊದಲು ಓದಿದ್ದು ಖಶೋಗಿಯವರ ಆ ಸಾಲುಗಳಲ್ಲೇ.